ಬಸುರಾಗುವ ಮುಂಚಿನ ಮಾತ್ರೆ

ಬಸುರಾಗದೆಯೇ ಬಸುರಿ ಮಾತ್ರೆ ನುಂಗುವವಳು ಎಂದು ಕೊಟ್ಟಿಗೆಹಾರದ ಸುತ್ತಮುತ್ತ ನನಗೊಂದು ಹೆಸರಿತ್ತು. ಆ ಹೆಸರನ್ನು ನಾನು ಬೇಡ ಅನ್ನಲಿಲ್ಲ. ಅದಕ್ಕಿಂತ ಮುಂಚೆ ಇದ್ದ ಹೆಸರು ಬಂಜೆ ಎಂಬುದು. ಅದನ್ನು ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಹೇಳುತ್ತಿದ್ದರು. ಎದುರಿಗೇ ಕರೆಯುವ ಹೆಸರು ಎಷ್ಟೋ ವಾಸಿ.

ನನ್ನ ತವರು ಕಳಸದ ಕಡೆ. ಪಿಯುಸಿ ಮುಗಿಸಿ ಒಂದೆರಡು ವರ್ಷ ಮನೆಯಲ್ಲಿದ್ದು, ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಇಷ್ಟೇ ಜನ. ಮಾವ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಗಂಡನ ಅಕ್ಕನನ್ನು ಮಲ್ಲಂದೂರಿಗೆ ಕೊಟ್ಟಿದ್ದರು. ಅವರನ್ನು ನಾನು ಅತ್ತಿಗೆ ಎಂದು ಕರೆಯುತ್ತಿದ್ದೆ. ಅವರಿಗೆ ಇಬ್ಬರು ಗಂಡುಮಕ್ಕಳು, ಮಾತು ಜೋರು, ತವರಿನ ಮೇಲೆ ಹಿಡಿತ ಇನ್ನೂ ಜೋರು. ತೋಟ ದೊಡ್ಡದೇನಲ್ಲ. ಕೆಲಸಕ್ಕೆ ಬರುವವರಿಗೆ ಮಧ್ಯಾಹ್ನದ ಊಟ ನಮ್ಮಲ್ಲೇ ಆಗಬೇಕಿತ್ತು.

ನನ್ನ ತಿಂಗಳ ಮುಟ್ಟು ಮೊದಲಿನಿಂದಲೂ ಸರಿಯಿರಲಿಲ್ಲ. ಒಮ್ಮೊಮ್ಮೆ ಎರಡು ತಿಂಗಳಾದರೂ ಬರುತ್ತಿರಲಿಲ್ಲ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಅಮ್ಮ ಹೇಳಿದ್ದಳು. ತವರಿನಲ್ಲಿ ಅದು ನನ್ನ, ಅಮ್ಮನ ನಡುವಿನ ವಿಷಯ. ಗಂಡನ ಮನೆಯಲ್ಲಿ ಅದು ಊರಿಗೇ ಗೊತ್ತಾಗುವ ವಿಷಯವಾಯಿತು. ಹೊರಗಾದ ಮೂರು ದಿನ ಹಿಂದಿನ ಜಗಲಿಯ ಪಕ್ಕದ ಕೋಣೆಯಲ್ಲಿ ಇರಬೇಕು, ಚಾಪೆ ಬೇರೆ, ತಟ್ಟೆ ಬೇರೆ. ಅಂಗಳಕ್ಕೆ ಬಂದವರೆಲ್ಲ ನನ್ನನ್ನು ಅಲ್ಲಿ ನೋಡುತ್ತಿದ್ದರು. ನಾನು ಅಲ್ಲಿ ಕಾಣದೆ ಒಂದೂವರೆ ತಿಂಗಳು ಕಳೆದರೆ ಅತ್ತೆಯ ಮುಖ ಅರಳುತ್ತಿತ್ತು. ಭಾರ ಎತ್ತಬೇಡ ಅನ್ನುತ್ತಿದ್ದರು, ರಾತ್ರಿ ಹಾಲಿನ ಲೋಟ ತಂದಿಡುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ನಾನು ಆ ಕೋಣೆಗೆ ಹೋಗಿ ಕೂರಬೇಕಾಗುತ್ತಿತ್ತು. ಅತ್ತೆ ಏನೂ ಬೈಯುತ್ತಿರಲಿಲ್ಲ. ಚಾಪೆ ತಂದು ಬಾಗಿಲಲ್ಲಿ ಹಾಕಿ ಹೋಗುತ್ತಿದ್ದರು. ಬೈದಿದ್ದರೆ ಒಂದು ಮಾತು ತಿರುಗಿ ಹೇಳಬಹುದಿತ್ತು.

ಎರಡು ವರ್ಷ ಕಳೆದ ಮೇಲೆ ಹರಕೆಗಳು ಶುರುವಾದವು. ಸೋಮವಾರ ಉಪವಾಸ, ಶುಕ್ರವಾರ ಉಪವಾಸ, ತಿಂಗಳಿಗೊಂದು ಸಂಕಷ್ಟಿ. ಅತ್ತಿಗೆ ಘಾಟಿಯ ಕೆಳಗಿನ ಒಬ್ಬ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ಒಂದು ಬೇರು ತೇಯ್ದು ಕುಡಿಯಲು ಕೊಟ್ಟು, ಪಥ್ಯ ಹೇಳಿದರು. ಸೊಪ್ಪು ಶೀತ, ತಿಂದರೆ ಗರ್ಭ ತಣ್ಣಗಾಗುತ್ತದೆ. ಮೊಳಕೆ ಕಾಳು ವಾಯು. ಹಸಿದು ಇರಬೇಕು, ಅನ್ನಕ್ಕೆ ಕಾಳುಮೆಣಸಿನ ಸಾರು ಹಾಕಿಕೊಂಡು ಉಣ್ಣಬೇಕು. ನಾನು ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಉಂಡೆ.

ಪಥ್ಯ ಇಲ್ಲದಿದ್ದರೂ ನನ್ನ ತಟ್ಟೆಗೆ ಹೆಚ್ಚೇನೂ ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಕೆಲಸದವರು, ಗಂಡಸರು ಮೊದಲು. ಅತ್ತೆ ಆಮೇಲೆ. ಸೊಸೆ ಕೊನೆಗೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆಯ ತಳ ಕಾಣುತ್ತಿತ್ತು. ಕೋಳಿ ಕುಯ್ದ ದಿನ ಈಲಿ, ಅಂದರೆ ಲಿವರು, ಗಂಡಸರ ಎಲೆಗೆ ಹೋಗುತ್ತಿತ್ತು. ಹರಿವೆ ಸೊಪ್ಪನ್ನಾಗಲಿ, ಕೆಸುವಿನ ಸೊಪ್ಪನ್ನಾಗಲಿ ಅತ್ತೆ ಗಂಟೆಗಟ್ಟಲೆ ಬೇಯಿಸಿ, ನೀರು ಬಸಿದು, ಆ ನೀರನ್ನು ದನಗಳ ಕಲಗಚ್ಚಿಗೆ ಸುರಿಯುತ್ತಿದ್ದರು. ಯಾರೂ ಬೇಕೆಂದು ನನ್ನನ್ನು ಹಸಿದಿಟ್ಟಿರಲಿಲ್ಲ. ಅತ್ತೆಯೂ ಸೊಸೆಯಾಗಿದ್ದಾಗ ಹೀಗೆಯೇ ಉಂಡಿದ್ದರು. ಅದೇ ನನಗೆ ಈಗಲೂ ಸಿಟ್ಟು ತರಿಸುವುದು.

ಮೂರನೆಯ ವರ್ಷದ ಕಾಫಿ ಕುಯ್ಲಿನ ಹೊತ್ತಿಗೆ ನನ್ನ ನಾಲಿಗೆ ಉರಿಯಲು ಶುರುವಾಗಿತ್ತು. ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ಬಾಯಲ್ಲಿ ಹುಣ್ಣು ಒಂದು ಮಾಯುವಷ್ಟರಲ್ಲಿ ಇನ್ನೊಂದು. ತೋಟದ ಏರು ಹತ್ತಿದರೆ ನಡುವೆ ಸಿಲ್ವರ್ ಮರ ಹಿಡಿದು ನಿಲ್ಲಬೇಕಾಗುತ್ತಿತ್ತು. ಕಳಸದಲ್ಲಿ ಭದ್ರೆಯ ದಡದಿಂದ ಮನೆಯವರೆಗೆ ಓಡುತ್ತಿದ್ದವಳು ನಾನು. ಈಗ ಕಣದಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು.

ಆ ಕುಯ್ಲು ಮುಗಿಯುವ ಸಮಯಕ್ಕೆ ಅತ್ತಿಗೆ ಬಂದರು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕೂತು, ನಾನು ಒಳಗೆ ಪಾತ್ರೆ ತೊಳೆಯುತ್ತಿರುವುದು ಗೊತ್ತಿದ್ದೂ, ಮಲ್ಲಂದೂರಿನ ಕಡೆಯ ಒಂದು ಹುಡುಗಿಯ ವಿಷಯ ತೆಗೆದರು. ಬಡವರ ಮನೆಯ ಹುಡುಗಿ, ಎರಡನೆಯ ಸಂಬಂಧ ಎಂದರೂ ಕೊಡುತ್ತಾರೆ, ಇವಳೂ ಇರಲಿ, ಯಾರೂ ಹೊರಗೆ ಹಾಕುವುದಿಲ್ಲ, ಎಂದೆಲ್ಲ ಹೇಳಿದರು. ನನ್ನ ಗಂಡ ಏನಾದರೂ ಹೇಳುತ್ತಾರೆಂದು ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಾದೆ. ಅವರು ಎಲೆಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಟ್ಟವರಲ್ಲ, ಅಕ್ಕನ ಎದುರು ಬಾಯಿ ಬಾರದವರು.

ನಾನು ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಬಂದೆ.  

"ಅತ್ತಿಗೆ, ಆ ಹುಡುಗಿ ಬಂದ್ರೂ ಇದೇ ಅಡುಗೆಮನೇಲಿ ಕೊನೆಗೆ ಉಣ್ಣೋದು" ಎಂದೆ. "ನಾಲ್ಕು ವರ್ಷ ಆದ್ಮೇಲೆ ಮೂರನೆಯವಳನ್ನ ಹುಡುಕ್ತೀರಾ?"

ಅತ್ತಿಗೆ ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು. ನಾನೂ ಗಂಡನನ್ನೇ ನೋಡಿ, ನಾಳೆ ಚಿಕ್ಕಮಗಳೂರಿಗೆ ಡಾಕ್ಟರ ಹತ್ತಿರ ಹೋಗುತ್ತೇನೆ, ನೀವೂ ಬರಬೇಕು, ಬರದಿದ್ದರೆ ನಾನೊಬ್ಬಳೇ ಹೋಗಿ, ಅಲ್ಲಿಂದ ಸೀದಾ ಕಳಸಕ್ಕೆ ಹೋಗುತ್ತೇನೆ ಎಂದು ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನಿಂತಿದ್ದರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತು ಕಡಿಮೆ, ಕೇಳುವುದು ಹೆಚ್ಚು. ಹೊಟ್ಟೆ ಮುಟ್ಟಿ ನೋಡುವುದಕ್ಕೆ ಮುಂಚೆ ನಾಲಿಗೆ ಚಾಚಲು ಹೇಳಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ, ನಿನ್ನೆ ಏನೇನು ಉಂಡೆ, ಮೊನ್ನೆ ಏನೇನು ಉಂಡೆ ಎಂದು ಕೇಳುತ್ತಾ ಹೋದರು. ನಾನು ಅನ್ನ, ಸಾರು, ಕಾಫಿ ಎಂದು ಹೇಳುತ್ತಾ ಹೋದೆ. ಇಷ್ಟು ಹಸಿರಿರುವ ಊರಲ್ಲಿದ್ದು ಸೊಪ್ಪು ತಿನ್ನುವುದಿಲ್ಲವೇ ಎಂದು ಕೇಳಿದರು. ಪಥ್ಯದ ವಿಷಯ ಹೇಳಿದೆ. ಸೊಪ್ಪು ಬಸಿದ ನೀರು ಏನು ಮಾಡುತ್ತೀರಿ ಎಂದರು. ದನಗಳಿಗೆ ಎಂದೆ.

ನನ್ನ ಗಂಡನಿಗೂ ಪರೀಕ್ಷೆ ಬರೆದುಕೊಟ್ಟರು. ಅವರ ಮುಖ ಕೆಂಪಾಯಿತು. ತನಗ್ಯಾಕೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಜೋರಾಗಿಯೇ ಹೇಳಿದೆ, ಮಗು ನನ್ನೊಬ್ಬಳಿಗೇ ಆಗುವುದಿಲ್ಲವಲ್ಲ ಎಂದು. ಕೊನೆಗೆ ಮಾಡಿಸಿಕೊಂಡರು. ಅವರಲ್ಲಿ ಯಾವ ತೊಂದರೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದರಿಂದ ಸ್ವಲ್ಪ ಬೇಸರವೇ ಆಯಿತು. ತಪ್ಪು ಅರ್ಧಕ್ಕರ್ಧವಾದರೂ ಹಂಚಿಹೋಗಲಿ ಎಂಬ ಆಸೆಯಿತ್ತು.

ಇನ್ನೊಂದು ಸಲ ಹೋದಾಗ ಎಲ್ಲ ರಿಪೋರ್ಟು ಬಂದಿತ್ತು. ಥೈರಾಯ್ಡ್ ಸರಿಯಿತ್ತು. ರಕ್ತ ಕಡಿಮೆ ಇತ್ತು. ಇದ್ದ ರಕ್ತಕಣಗಳೂ ಅಳತೆ ಮೀರಿ ದೊಡ್ಡವಾಗಿದ್ದವು. ಫೋಲಿಕ್ ಆಮ್ಲ ಎನ್ನುವುದು ಕಡಿಮೆಯಾದರೆ ಹಾಗಾಗುತ್ತದಂತೆ. ಅದು ಸೊಪ್ಪಿನಲ್ಲಿ, ಕಾಳಿನಲ್ಲಿ ಇರುತ್ತದೆ, ದೇಹ ತಾನೇ ಮಾಡಿಕೊಳ್ಳುವುದಿಲ್ಲ, ಬಹಳ ಕಾಲ ಕೂಡಿಡುವುದೂ ಇಲ್ಲ. ಹೆಚ್ಚು ಬೇಯಿಸಿದರೆ ಹಾಳಾಗುತ್ತದೆ, ಬಸಿದರೆ ನೀರಿನ ಜೊತೆ ಹೋಗುತ್ತದೆ. ಸ್ಕ್ಯಾನಿನಲ್ಲಿ ನೋಡಿದಾಗ ಆ ತಿಂಗಳು ನನ್ನ ಅಂಡ ಬಲಿತು ಹೊರಗೆ ಬಂದಿರಲಿಲ್ಲ. ಅಂಡ ಬಲಿಯಬೇಕಾದರೆ ಅದರ ಸುತ್ತಲಿನ ಸಣ್ಣ ಸಣ್ಣ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯಬೇಕು, ಹಾಗೆ ಬೆಳೆಯಲು ಈ ಫೋಲಿಕ್ ಬೇಕೇ ಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾನು ತಿಳಿಯದ ಕಡೆ ತಡೆದು ಕೇಳಿದೆ. ಅವರು ಬೇಸರ ಪಡಲಿಲ್ಲ.

ಹಾಗಾದರೆ ಈ ಮಾತ್ರೆ ತಿಂದರೆ ಮಗುವಾಗುತ್ತದೆಯೇ ಎಂದು ನನ್ನ ಗಂಡ ಕೇಳಿದರು.

"ಆಗುತ್ತೆ ಅಂತ ನಾನು ಹೇಳಲ್ಲ. ತಿಂಗಳು ತಪ್ಪೋಕೆ ಬೇರೆ ಬೇರೆ ಕಾರಣ ಇರ್ತವೆ. ಇವರಲ್ಲಿ ಕಣ್ಣಿಗೆ ಕಾಣೋ ಕೊರತೆ ಇದು. ಹೊಲಕ್ಕೆ ನೀರೇ ಕೊಡದೆ ಬೆಳೆ ಬರ್ಲಿಲ್ಲ ಅಂತ ಯಾಕೆ ಬೈಬೇಕು? ಮೊದಲು ಕೊರತೆ ತುಂಬಿಸೋಣ" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಈ ಮಾತ್ರೆ ಬಸುರಾದ ಮೇಲೆ ಶುರು ಮಾಡೋದಲ್ಲ, ಮುಂಚೇನೇ ತಗೋಬೇಕು. ಬಸುರಾಗಿದೀನಿ ಅಂತ ನಿಮಗೆ ಗೊತ್ತಾಗೋಷ್ಟರಲ್ಲಿ ಮಗುವಿನ ಬೆನ್ನುಹುರಿ ಆಗ್ಬಿಟ್ಟಿರುತ್ತೆ" ಎಂದರು. ಉಪವಾಸ ಎಲ್ಲ ನಿಲ್ಲಿಸಬೇಕು, ಹೊಟ್ಟೆ ತುಂಬ ಉಣ್ಣಬೇಕು, ಕೆಲವು ತಿಂಗಳಲ್ಲಿ ಸರಿಹೋಗದಿದ್ದರೆ ಬೇರೆ ಔಷಧಿ ನೋಡೋಣ ಎಂದು ಕಳಿಸಿದರು.

ಮೂಡಿಗೆರೆಯಲ್ಲಿ ಬಸ್ಸಿಳಿದು ಮಾತ್ರೆ ತೆಗೆದುಕೊಳ್ಳಲು ಹೋದೆವು. ಸಣ್ಣ ಹಳದಿ ಮಾತ್ರೆ, ಜೊತೆಗೆ ಕಬ್ಬಿಣದ ಕೆಂಪು ಮಾತ್ರೆ. ಮೆಡಿಕಲ್ ಶಾಪಿನವರು ಚೀಟಿ ನೋಡಿ ನಕ್ಕು, ಎಷ್ಟನೇ ತಿಂಗಳು ಗೌಡ್ರೆ ಎಂದು ನನ್ನ ಗಂಡನನ್ನು ಕೇಳಿದರು. ಅವರು ತಡವರಿಸಿದರು. ಇನ್ನೂ ಶುರುವಾಗಿಲ್ಲ ಎಂದು ನಾನೇ ಹೇಳಿದೆ. ಅದು ಅಂಗಡಿಯವರಿಗೆ ಕೇಳಿಸಲಿಲ್ಲವೋ, ನಂಬಲಿಲ್ಲವೋ, ಎರಡು ದಿನದಲ್ಲಿ ನಾನು ಬಸುರಿ ಎಂಬ ಸುದ್ದಿ ಕೊಟ್ಟಿಗೆಹಾರದ ಹೋಟೆಲುಗಳವರೆಗೆ ಮುಟ್ಟಿತ್ತು. ಮಾರನೆಯ ವಾರ ನಾನು ಹೊರಗಾಗಿ ಹಿಂದಿನ ಕೋಣೆಯಲ್ಲಿ ಕೂತೆ. ಆಗ ಜನ ಕಥೆ ಬದಲಾಯಿಸಿದರು. ಸವತಿ ಬರದಿರಲಿ ಎಂದು ಬಸುರಿಯ ನಾಟಕವಾಡುತ್ತಿದ್ದಾಳಂತೆ ಎಂದರು.

ಅತ್ತೆಗೆ ಆ ಕೆಂಪು ಮಾತ್ರೆಯ ಗುರುತಿತ್ತು. ತೋಟದ ಕೂಲಿಯವರ ಲೈನ್ ಮನೆಯ ಬಸುರಿ ಹೆಂಗಸರಿಗೆ ನರ್ಸಮ್ಮ ಕೊಡುವುದನ್ನು ನೋಡಿದ್ದರು. ನಾನು ಊಟದ ನಂತರ ಅವರ ಎದುರಿಗೇ ನುಂಗಿದಾಗ ಕಣ್ಣು ಅಗಲ ಮಾಡಿದರು.

"ಹೊಟ್ಟೇಲಿ ಕೂಸಿಲ್ಲ, ಬಸುರಿ ಮಾತ್ರೆ ಎಂತಕ್ಕೆ ನುಂಗ್ತೀಯೆ? ನೋಡಿದವ್ರು ನಗಲ್ವಾ?"

ನನ್ನ ಗಂಡ ಅಲ್ಲೇ ಕೂತಿದ್ದರು. ಹೂಮಳೆಗೆ ಮುಂಚೆ ಕಾಫಿ ಗಿಡಕ್ಕೆ ಕೊಡಬೇಕಾದ ಗೊಬ್ಬರದ ಮಾತನ್ನು ಅವರು ಹಿಂದಿನ ದಿನವಷ್ಟೇ ಆಡಿದ್ದರು. ನಾನು ಅವರನ್ನು ತೋರಿಸಿ ಹೇಳಿದೆ, "ಇವರನ್ನ ಕೇಳಿ ಅತ್ತೆ. ಗಿಡಕ್ಕೆ ಹೂವಾಗೋಕೆ ಮುಂಚೆ ಕೊಡ್ತಾರೋ, ಕಾಯಿ ಕಟ್ಟಿದ ಮೇಲೆ ಕೊಡ್ತಾರೋ ಅಂತ."

ಅವರು ತಲೆ ತಗ್ಗಿಸಿ, ಮುಂಚೆನೇ ಎಂದರು. ಆ ಮನೆಯಲ್ಲಿ ನನ್ನ ಪರವಾಗಿ ಅವರು ಆಡಿದ ಮೊದಲ ಮಾತು ಅದು.

ಅವತ್ತಿನಿಂದ ನಾನು ಉಪವಾಸ ಬಿಟ್ಟೆ. ಸೋಮವಾರ ಬೆಳಿಗ್ಗೆ ಎಲ್ಲರೂ ನೋಡುವ ಹಾಗೆ ರೊಟ್ಟಿ ತಿಂದೆ. ಮಧ್ಯಾಹ್ನ ಯಾರಿಗೂ ಬಡಿಸುವ ಮುಂಚೆ ಒಂದು ತಟ್ಟೆಗೆ ಪಲ್ಯ, ಕಾಳು ತೆಗೆದಿಟ್ಟೆ. ಅತ್ತೆ ಅದು ಯಾರಿಗೆ ಎಂದು ಕೇಳಿದರು. ನನಗೆ ಎಂದೆ. ಹಿತ್ತಿಲಲ್ಲಿ ಒಂದು ಪಾತಿ ಮಾಡಿ ಹರಿವೆ ಬಿತ್ತಿದೆ, ಬಸಳೆ ಬಳ್ಳಿಗೆ ಚಪ್ಪರ ಹಾಕಿದೆ. ಸೊಪ್ಪನ್ನು ಸ್ವಲ್ಪವೇ ಬೇಯಿಸಿ, ನೀರು ಸಾರಿಗೆ ಸೇರಿಸಿದೆ. ಕಲಗಚ್ಚಿಗೆ ನೀರು ಕಡಿಮೆಯಾಯಿತೆಂದು ಅತ್ತೆ ಗೊಣಗಿದರು. ನನಗೂ ತಡೆಯಲಾಗಲಿಲ್ಲ.

"ಸೊಪ್ಪಿನ ನೀರು ಕುಡಿದು ನಮ್ಮ ಹಸುಗಳು ವರ್ಷ ವರ್ಷ ಕರು ಹಾಕ್ತವೆ. ಅವಕ್ಕೆ ಸಾಕಾಯ್ತು, ಇನ್ನು ನಾನು ಕುಡೀತೀನಿ."

ಅತ್ತೆ ಸುಮಾರು ದಿನ ನನ್ನ ಜೊತೆ ಮಾತು ಬಿಟ್ಟರು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು, ನಾನು ಗೋಡೆಯ ಪರವಾಗಿ ಉತ್ತರ ಕೊಡುತ್ತಿದ್ದೆ.

ಆ ಬೇಸಿಗೆಯಲ್ಲಿ ನೆಂಟರ ಮದುವೆಯೊಂದಕ್ಕೆ ಹೋದೆವು. ಊಟದ ಪಂಕ್ತಿಯಲ್ಲಿ ನನ್ನ ಎದುರು ಸಾಲಿನ ಹೆಂಗಸರು ಒಬ್ಬರ ಕಿವಿಯಲ್ಲೊಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಅವರಲ್ಲೊಬ್ಬರು, ಎಂತ ಮಾರಾಯ್ತಿ, ಇನ್ನೂ ಮಾತ್ರೆ ನುಂಗ್ತಿದೀಯಂತೆ ಎಂದರು. ಪಕ್ಕದಲ್ಲಿ ಅತ್ತೆ ಕೂತಿದ್ದರು.  ನಾನು ಪರ್ಸಿನಿಂದ ಮಾತ್ರೆಯ ಪಟ್ಟಿ ತೆಗೆದು, ಒಂದನ್ನು ಬಿಡಿಸಿ, ಅವರೆಲ್ಲ ನೋಡುತ್ತಿರುವಾಗಲೇ ಬಾಯಿಗೆ ಹಾಕಿ ನೀರು ಕುಡಿದೆ. ನಿಮ್ಮ ಸೊಸೆಗೂ ಕೊಡಿಸಿ, ಮದುವೆಯಾದ ತಕ್ಷಣ ಶುರು ಮಾಡಿದರೆ ಒಳ್ಳೆಯದಂತೆ ಎಂದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ. ಕೈ ತೊಳೆಯಲು ಹೋದಾಗ ಬಾವಿಕಟ್ಟೆಯ ಹಿಂದೆ ನಿಂತು ಅತ್ತೆ ನೋಡದ ಹಾಗೆ ಕಣ್ಣೀರು ಹಾಕಿದೆ. ಅತ್ತಿದ್ದು ಅವಮಾನಕ್ಕಲ್ಲ. ಎಷ್ಟು ದಿನ ಹೀಗೆ ಜಗಳವಾಡಿಕೊಂಡೇ ಅನ್ನ ಉಣ್ಣಬೇಕು ಎಂಬ ಆಯಾಸಕ್ಕೆ.

ಮೊದಲು ವಾಸಿಯಾದದ್ದು ನಾಲಿಗೆ. ಉಪ್ಪಿನಕಾಯಿ ನೆಕ್ಕಿ ಉರಿಯದೆ ಹೋದಾಗ ಚಿಕ್ಕ ಹುಡುಗಿಯ ಹಾಗೆ ಇನ್ನೊಂದು ಹೋಳು ತೆಗೆದುಕೊಂಡೆ. ಆಮೇಲೆ ತೋಟದ ಏರು ಒಂದೇ ಉಸಿರಿಗೆ ಹತ್ತುವ ಹಾಗಾಯಿತು. ಮುಟ್ಟು ಸರಿಯಾಗಲು ತಡವಾಯಿತು. ಒಂದು ತಿಂಗಳು ಬಂದು, ಮತ್ತೆ ಒಂದು ತಿಂಗಳು ಕೈಕೊಟ್ಟು, ಆಮೇಲಾಮೇಲೆ ತಿಂಗಳಿಗೆ ಸರಿಯಾಗಿ ಬರತೊಡಗಿತು. ಅದನ್ನು ನನಗಿಂತ ಮೊದಲು ಗುರುತಿಸಿದವರು ಅತ್ತೆ. ಚಾಪೆ ಹಾಕುವವರು ಅವರೇ ತಾನೆ. ಒಮ್ಮೆ ನಾನು ಕೋಣೆಗೆ ಹೋಗುವ ಮುಂಚೆಯೇ ಚಾಪೆ ಅಲ್ಲಿತ್ತು. ಡಾಕ್ಟರು ಸ್ಕ್ಯಾನ್ ಮಾಡಿ, ಈ ಸಲ ಅಂಡ ಬಲಿತು ಬಿಡುಗಡೆಯಾಗಿದೆ ಎಂದರು. ನಾನು ಅದನ್ನು ಮನೆಗೆ ಬಂದು ಅತ್ತೆಗೆ ಹೇಳಿದೆ. ಇಂಥ ವಿಷಯ ಅತ್ತೆಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರು ಹ್ಞೂಂ ಎಂದು ಕೆಲಸ ಮುಂದುವರಿಸಿದರು.

ಕೆಲವು ದಿನಗಳಾದ ಮೇಲೆ ಕಣದ ಬದಿಯಲ್ಲಿ ಇಬ್ಬರೂ ಅಲಸಂದೆ ಬಿಡಿಸುತ್ತಾ ಕೂತಿದ್ದೆವು. ಬಿಸಿಲು ಚೆನ್ನಾಗಿತ್ತು. ಅತ್ತೆ ಇದ್ದಕ್ಕಿದ್ದ ಹಾಗೆ, ಡಾಕ್ಟರು ಬೆನ್ನಿನ ವಿಷಯ ಏನೋ ಹೇಳಿದರಂತಲ್ಲ, ಅದೇನು ಎಂದು ಕೇಳಿದರು. ಮಗ ಹೇಳಿರಬೇಕು. ನಾನು ತಿಳಿದಷ್ಟು ಹೇಳಿದೆ. ಬಸುರಾದ ಮೊದಮೊದಲಲ್ಲೇ ಮಗುವಿನ ಬೆನ್ನುಹುರಿ ಕೊಳವೆಯ ಹಾಗೆ ಮುಚ್ಚಿಕೊಳ್ಳುತ್ತದೆ, ತಾಯಿಯಲ್ಲಿ ಫೋಲಿಕ್ ಕಡಿಮೆಯಿದ್ದರೆ ಕೆಲವೊಮ್ಮೆ ಮುಚ್ಚದೆ ಉಳಿಯಬಹುದು ಎಂದೆ.

ಅತ್ತೆ ಮೊರವನ್ನು ಮಡಿಲಿನಿಂದ ಕೆಳಗಿಟ್ಟರು. ಅತ್ತಿಗೆ ಹುಟ್ಟಿದ ಮೇಲೆ, ನನ್ನ ಗಂಡ ಹುಟ್ಟುವ ಮುಂಚೆ, ತಮಗೆ ಇನ್ನೊಂದು ಮಗುವಾಗಿತ್ತು ಎಂದರು. ಆ ಮಾತು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೆಣ್ಣುಮಗು. ಬೆನ್ನು ಮುಚ್ಚಿರಲಿಲ್ಲ. ಸೂಲಗಿತ್ತಿ ಬಟ್ಟೆ ಮುಚ್ಚಿ ತೋರಿಸಲೇ ಇಲ್ಲವಂತೆ, ಇವರೇ ಹಟ ಹಿಡಿದು ನೋಡಿದರಂತೆ. ಮಗು ಒಂದು ರಾತ್ರಿ ಇತ್ತು. ಗ್ರಹಣದ ದಿನ ಇವಳು ಕತ್ತಿ ಹಿಡಿದು ಏನೋ ಹೆಚ್ಚಿರಬೇಕು, ಅದಕ್ಕೇ ಹೀಗಾಯಿತು ಎಂದು ಅತ್ತೆಯ ಅತ್ತೆ ಊರೆಲ್ಲ ಹೇಳಿದರಂತೆ. ಸಾಯುವವರೆಗೂ ಹೇಳಿದರಂತೆ.

"ಈ ಮಾತ್ರೆ ಆವಾಗ ಇದ್ದಿದ್ರೆ ಅದು ಉಳೀತಿತ್ತಾ?"

 ಉಳಿಯುತ್ತಿತ್ತು ಎಂದರೆ ಹಳೆಯ ಗಾಯಕ್ಕೆ ಉಪ್ಪು, ಇಲ್ಲ ಎಂದರೆ ಸುಳ್ಳಾಗಬಹುದು. ಗೊತ್ತಿಲ್ಲ ಅತ್ತೆ, ಉಳಿಯುತ್ತಿತ್ತೇನೋ, ಎಲ್ಲದಕ್ಕೂ ಇದೇ ಕಾರಣ ಅಂತ ಡಾಕ್ಟರೂ ಹೇಳೋದಿಲ್ಲ, ಆದರೆ ನೀವು ಏನೋ ಹೆಚ್ಚಿದ್ದರಿಂದ ಆದದ್ದಲ್ಲ, ಅದು ಮಾತ್ರ ಖಂಡಿತ ಎಂದೆ. ಅವರು ಎದ್ದು ಹೋಗುವಾಗ ಮೊರದಲ್ಲಿದ್ದ ಕಾಳನ್ನೆಲ್ಲ ನನ್ನ ಪಾತ್ರೆಗೆ ಸುರಿದರು.

ಆಮೇಲೆ ಆರೇಳು ತಿಂಗಳಿಗೆ ನಾನು ಬಸುರಾದೆ. ಈ ಸಲ ಊರಿಗೆ ಮೊದಲು ಹೇಳಿದ್ದು ನಾನಲ್ಲ, ಮೆಡಿಕಲ್ ಶಾಪಿನವರೂ ಅಲ್ಲ. ಅತ್ತೆಯೇ ಕೊಟ್ಟಿಗೆಹಾರಕ್ಕೆ ಹೋಗಿ ಮಲ್ಲಂದೂರಿಗೆ ಫೋನು ಮಾಡಿಸಿದರು.

ಐದು ತಿಂಗಳಾಗಿದ್ದಾಗ ಗ್ರಹಣ ಬಂತು. ಅತ್ತಿಗೆ ಹಿಂದಿನ ದಿನವೇ ಬಂದು ಇಳಿದಿದ್ದರು. ಕಿಟಕಿಗೆ ಕಂಬಳಿ ಕಟ್ಟಿದರು. ಬಸುರಿ ಹೆಂಗಸು ಅಲುಗಾಡದೆ ಮಲಗಬೇಕು, ನೀರೂ ಕುಡಿಯಬಾರದು, ಗ್ರಹಣ ಬಿಟ್ಟು ಸ್ನಾನವಾದ ಮೇಲೆಯೇ ಊಟ ಎಂದು ಕಟ್ಟುನಿಟ್ಟು ಮಾಡಿದರು. ನಾನು ಮಲಗುವುದಿಲ್ಲ ಎಂದೆ. ಹಸಿವಾಗುತ್ತಿತ್ತು. ಅಡುಗೆಮನೆಗೆ ಹೋಗೋಣವೆಂದು ಎದ್ದರೆ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. ಅಷ್ಟರಲ್ಲಿ ಅವರ ಹಿಂದೆ ಅತ್ತೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿರೊಟ್ಟಿ, ಹರಿವೆ ಪಲ್ಯ, ಹೆಸರುಕಾಳು. ಮಗಳನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಅತ್ತಿಗೆ ಕೂಗಾಡಿದರು. ನಿಂಗೆ ಅರಳುಮರಳಾ ಅಮ್ಮಾ, ನಿನಗಾದದ್ದು ಮರೆತುಹೋಯ್ತಾ ಎಂದರು.

"ಮರೆತಿಲ್ಲ" ಎಂದರು ಅತ್ತೆ. ದನಿ ಏರಿಸಲಿಲ್ಲ. "ಅವತ್ತು ನಾನು ಏನೂ ಹೆಚ್ಚಿರಲಿಲ್ಲ. ಕತ್ತಿ ಮುಟ್ಟಿರಲಿಲ್ಲ. ನೀರು ಕುಡೀದೆ, ಮಗ್ಗುಲು ಬದಲಾಯಿಸದೆ ಮಲಗಿದ್ದೆ. ಹೇಳಿದ್ದೆಲ್ಲ ಮಾಡಿದ್ದೆ. ಆದ್ರೂ ಆಯ್ತು, ಆದ್ರೂ ನಂದೇ ತಪ್ಪು ಅಂದ್ರು. ಇವಳು ಉಣ್ಣಲಿ."

ನಾನು ನಿಂತುಕೊಂಡೇ ಉಂಡೆ.  ಅತ್ತೆ ಇನ್ನೊಂದು ರೊಟ್ಟಿ ತಂದು ಹಾಕಿದರು. ಆಮೇಲೆ ತಾವೂ ಒಂದು ಹಾಕಿಕೊಂಡು ಹೊಸ್ತಿಲ ಮೇಲೆ ಕೂತು ತಿಂದರು. ಹೊರಗೆ ಬೆಳಕು ಮಂಕಾಗಿ ಮತ್ತೆ ಬಂತು. ಅತ್ತಿಗೆ ಸಂಜೆಯ ಬಸ್ಸಿಗೆ ಹೊರಟುಹೋದರು.

ಮಗಳು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಮಗುವನ್ನು ಕೈಗೆ ತೆಗೆದುಕೊಂಡು, ಬೋರಲು ಹಾಕಿ, ಬೆನ್ನಿನ ಮೇಲೆ ಬೆರಳಾಡಿಸಿದ್ದು. ಕುತ್ತಿಗೆಯಿಂದ ಕೆಳಗಿನವರೆಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಗಂಡೋ ಹೆಣ್ಣೋ ಎಂದು ಅವರು ಕೇಳಿರಲೇ ಇಲ್ಲ.

ಫೋಲಿಕ್ಕಿನಿಂದಲೇ ಮಗುವಾಯಿತೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ಡಾಕ್ಟರನ್ನು ಕೇಳಿದಾಗ ಅವರೂ, ಕೊರತೆ ತುಂಬಿತು, ರಕ್ತ ಹೆಚ್ಚಿತು, ಉಪವಾಸ ನಿಂತಿತು, ಮೈ ಕೈ ತುಂಬಿಕೊಂಡಿತು, ಯಾವುದು ಎಷ್ಟು ಕೆಲಸ ಮಾಡಿತೆಂದು ಬೇರೆ ಬೇರೆ ಮಾಡಿ ಹೇಳಲಾಗುವುದಿಲ್ಲ ಎಂದರು. ಹೊಟ್ಟೆ ತುಂಬ ತಿಂದು, ಮಾತ್ರೆ ನುಂಗಿಯೂ ಮಕ್ಕಳಾಗದವರು ಇದ್ದಾರೆ. ಅವರದೂ ತಪ್ಪಲ್ಲ. ಆದರೆ ಹೆಣ್ಣಿಗೆ ಹೊಟ್ಟೆಗೆ ಕೊಡದೆ, ಮಗು ಕೊಡಲಿಲ್ಲವೆಂದು ಬೇರೊಬ್ಬಳನ್ನು ತರುವುದಿದೆಯಲ್ಲ, ಅದರ ತಪ್ಪು ಯಾರದೆಂದು ನನಗೆ ಚೆನ್ನಾಗಿ ಗೊತ್ತು.

ಅತ್ತಿಗೆಗೆ ಮಾತ್ರ ಅನುಮಾನವಿರಲಿಲ್ಲ. ಮಗುವಾಗಿದ್ದು ಹರಕೆಯಿಂದ. ಅವರು ನನ್ನ ಹೆಸರಿನಲ್ಲಿ ಕಳಸದ ದೇವಸ್ಥಾನಕ್ಕೆ ಹರಕೆ ಹೊತ್ತಿದ್ದರಂತೆ, ತಾಯಿಯಾದವಳು ಉಪವಾಸವಿದ್ದು ಉರುಳು ಸೇವೆ ಮಾಡುತ್ತಾಳೆ ಎಂದು. ನನಗೆ ದೇವರ ಮೇಲೆ ಸಿಟ್ಟಿಲ್ಲ. ನನ್ನ ತವರಿನ ದೇವಸ್ಥಾನ ಅದು. ಹೋಗಿ ಕೈ ಮುಗಿದೆ, ಮಗುವನ್ನು ದೇವರ ಎದುರು ಮಲಗಿಸಿದೆ. ಆದರೆ ಹಾಲೂಡಿಸುವವಳು ಉಪವಾಸವಿದ್ದು ಉರುಳುವುದಿಲ್ಲ, ಹೊತ್ತವರೇ ತೀರಿಸಲಿ ಎಂದೆ. ಅತ್ತಿಗೆ ಮಂಡಿನೋವು ಎಂದು ಕಾಲು ಹಿಡಿದುಕೊಂಡರು. ಕೊನೆಗೆ ನನ್ನ ಗಂಡ ಒದ್ದೆ ಪಂಚೆಯಲ್ಲಿ ಪ್ರಾಕಾರದ ಕಲ್ಲುಚಪ್ಪಡಿಯ ಮೇಲೆ ಉರುಳಿದರು. ದುಂಡಗಿನ ಮೈ, ಅರ್ಧ ದಾರಿಯಲ್ಲಿ ದಿಕ್ಕು ತಪ್ಪಿ ಕಂಬಕ್ಕೆ ಢಿಕ್ಕಿ ಹೊಡೆದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಅವರು ಹಾಗೆ ನಕ್ಕಿದ್ದನ್ನು ಮೊದಲ ಸಲ ನೋಡಿದೆ.

ಮಗಳಿಗೆ ಮೂರು ತುಂಬುವಷ್ಟರಲ್ಲಿ ಗಂಡುಮಗುವಿನ ಮಾತು ಶುರುವಾಯಿತು. ಈ ಸಲ ಅತ್ತೆ ಆ ಮಾತಿಗೆ ಸೇರಲಿಲ್ಲ, ಬೇಡವೆಂದೂ ಹೇಳಲಿಲ್ಲ. ನನ್ನ ಗಂಡ, ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಎಂದರು. ನನಗೆ ಒಬ್ಬಳು ಸಾಕು ಅನ್ನಿಸಿತು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಇಷ್ಟು ವರ್ಷ ನನ್ನ ಹೊಟ್ಟೆಯ ಬಗ್ಗೆ ಎಲ್ಲರೂ ತೀರ್ಮಾನ ಮಾಡಿದ್ದರು, ಒಂದನ್ನು ನಾನೂ ಮಾಡೋಣ ಅನ್ನಿಸಿತು ಅಷ್ಟೆ. ಗಂಡನಿಗೆ ಹೇಳಿದೆ. ಅವರು ಆಯಿತು ಎಂದರು.

ಚಿಕ್ಕಮಗಳೂರಿಗೆ ಹೋಗಲು ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಮಲ್ಲಂದೂರಿನ ಕಡೆಯಿಂದ ಬಂದ ಜೀಪಿನಿಂದ ಅತ್ತಿಗೆ ಇಳಿದರು. ಒಬ್ಬಳೇ ಎಲ್ಲಿಗೆ ಹೊರಟೆ ಎಂದು ಕೇಳಿದರು. ಸುತ್ತ ಹತ್ತಾರು ಜನರಿದ್ದರು. ಹೋಟೆಲಿನ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದವರೂ ಇತ್ತ ನೋಡುತ್ತಿದ್ದರು.

"ಇನ್ನು ಮಕ್ಕಳು ಬೇಡ ಅಂತ ಡಾಕ್ಟ್ರಿಗೆ ಹೇಳಿ ಬರ್ತೀನಿ ಅತ್ತಿಗೆ. ಮಗು ಮನೇಲಿದೆ, ಊಟ ಮಾಡಿಸಿ" ಎಂದೆ. ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು.